ಸಮುದ್ರ ಬಲಗಡೆ ಯಾಕಿದೆ ಸಾರ್? – ಮುಟ್ಟಿ ನೋಡುವ ಭೂಪಟ, ನನ್ನ ಅನುಭವ

ಆರನೇ ಕ್ಲಾಸಿಗೆ ಕಣ್ಣು ಕಾಣದ ಹುಡುಗ ಸೇರಿದಾಗ ಸ್ಟಾಫ್ ರೂಮಿನಲ್ಲಿ ಒಂದೇ ಮಾತು: "ಅಂಧರ ಶಾಲೆಗೆ ಕಳಿಸಿ ಸಾರ್, ಇಲ್ಲಿ ಸುಮ್ನೆ ಕೂತು ಹೋಗ್ತಾನೆ." 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಯ್ಕೆಯನ್ನು ಮಗುವಿಗೇ ಬಿಟ್ಟಿದೆ. ಇವನಿಗೆ ತಂಗಿ ಜೊತೆ ನಮ್ಮ ಶಾಲೆಗೇ ಬರಬೇಕಿತ್ತು. ಬ್ರೈಲ್ (ಬೆರಳಿನಿಂದ ಓದುವ ಉಬ್ಬು ಚುಕ್ಕಿ ಲಿಪಿ) ಅನ್ನು ಬಿಐಇಆರ್‌ಟಿ ಮೇಡಂ, ಅಂದರೆ ಇಂಥ ಮಕ್ಕಳಿಗೆಂದೇ ಬ್ಲಾಕ್ ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕಿ, ನೋಡಿಕೊಂಡರು. ನನ್ನ ಪಾಲಿಗೆ ಬಂದದ್ದು ಸಮಾಜ ವಿಜ್ಞಾನ, ಅಂದರೆ ಭೂಪಟ.

ಗೆರೆ ಬೆರಳಿಗೆ ಸಿಗಲಿ ಅಂತ ಮೊದಲು ಫೆವಿಕಾಲ್‌ನಲ್ಲಿ ಎಳೆದೆ. ಒಣಗಿದ ಮೇಲೆ ಚಪ್ಪಟೆ. ಅದರ ಮೇಲೆ ರಂಗೋಲಿ ಉದುರಿಸಿದೆ, ಎರಡೇ ದಿನಕ್ಕೆ ಪುಡಿಯೆಲ್ಲ ಅವನ ಬೆರಳಿಗೆ. ನದಿಗಳಿಗೆ ರಾಗಿಕಾಳು ಅಂಟಿಸಿದ್ದು ಚೆನ್ನಾಗೇ ಬಂತು. ಸೋಮವಾರ ಬೀರು ತೆಗೆದರೆ ತುಂಗಭದ್ರೆಯನ್ನು ಇಲಿ ತಿಂದಿತ್ತು. ಇಷ್ಟಕ್ಕೇ ಏಳೆಂಟು ನೂರು ಕೈಯಿಂದ ಹೋಯಿತು. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ಕೇಳಿದರೆ "ಒಬ್ಬನಿಗೋಸ್ಕರ ಇಷ್ಟೆಲ್ಲ ಬೇಕಾ?" ಅಂದರು.

ದಾರಿ ಸಿಕ್ಕಿದ್ದು ಟೈಲರ್ ಅಂಗಡಿಯಲ್ಲಿ. ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರ, ಆಗ ನಲವತ್ತೋ ಐವತ್ತೋ ರೂಪಾಯಿ. ದಪ್ಪ ಡ್ರಾಯಿಂಗ್ ಶೀಟಿನ ಕೆಳಗೆ ಹಳೇ ಸೈಕಲ್ ಟ್ಯೂಬು ಸೀಳಿ ಹಾಸಿ ಒತ್ತಿ ಉರುಳಿಸಿದರೆ ಹಿಂಬದಿಯಲ್ಲಿ ಚುಕ್ಕಿ ಚುಕ್ಕಿ ಗೆರೆ ಏಳುತ್ತದೆ. ಕರ್ನಾಟಕ ಬರೆದು ಖುಷಿಯಿಂದ ಕೊಟ್ಟೆ. ಅವನು ಒಂದು ಸುತ್ತು ಬೆರಳಾಡಿಸಿ ಕೇಳಿದ: "ಸಮುದ್ರ ಬಲಗಡೆ ಯಾಕಿದೆ ಸಾರ್?"

ಹೌದಲ್ವಾ! ಮಂಗಳೂರು ಪೂರ್ವಕ್ಕೆ, ಬೀದರ್ ಪಶ್ಚಿಮಕ್ಕೆ. ಉಬ್ಬುವುದು ಹಿಂಬದಿಯಲ್ಲಿ, ಹಾಗಾಗಿ ಎಲ್ಲ ಎಡ ಬಲ ಆಗಿತ್ತು. ಬ್ರೈಲ್ ಸ್ಲೇಟಿನಲ್ಲೂ ಚುಕ್ಕಿ ಏಳುವುದು ಹಿಂಬದಿಯಲ್ಲೇ, ಅದಕ್ಕೇ ದಿನಾ ಬಲದಿಂದ ಎಡಕ್ಕೆ ಚುಚ್ಚುವವನು ಅವನು. "ತಿರುಗಿಸಿ ಬರೀರಿ ಸಾರ್" ಅಂದ. ಈಗ ಭೂಪಟದ ಅಚ್ಚಾದ ಮುಖವನ್ನು ಕಿಟಕಿ ಗಾಜಿಗೆ ಒತ್ತಿ, ಹಿಂದಿನಿಂದ ಗೆರೆ ಎಳೆದು, ಅದನ್ನೇ ಶೀಟಿಗೆ ಇಳಿಸುತ್ತೇನೆ.

31 ಜಿಲ್ಲೆ ಒಂದೇ ಹಾಳೆಗೆ ತುರುಕಿ ಅವನ ತಲೆ ಕೆಡಿಸಿದ್ದೂ ಉಂಟು. ಈಗ ನಾಲ್ಕು ವಿಭಾಗಕ್ಕೆ ನಾಲ್ಕು ಹಾಳೆ, ನದಿಗೆ ಬೇರೆ. ಗೆರೆ ಸವೆಯದಿರಲು ಮೇಲೆ ಏನು ಬಳಿಯುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಆಟದ ಪೀರಿಯಡ್ಡಿಗೆ ಚೆಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ನೋಡಿದೆ. ಸರಪರ ಸದ್ದು ಕೇಳಿ ಓಡಿ ಹಿಡಿಯುತ್ತಾನೆ. ಗಾಳಿ ಜಾಸ್ತಿ ಇದ್ದ ದಿನ ಮಾತ್ರ ಆಗಲ್ಲ.

ಕಿರುಪರೀಕ್ಷೆಯಲ್ಲಿ ಭೂಪಟಕ್ಕೆ ಐದಕ್ಕೆ ನಾಲ್ಕು ತೆಗೆದ. ಕಣ್ಣಿರುವ ಎಷ್ಟೋ ಮಕ್ಕಳಿಗೆ ಎರಡೂ ಬಂದಿರಲಿಲ್ಲ. ಅಂಧರ ಶಾಲೆಗೆ ಕಳಿಸಿ ಅಂದಿದ್ದ ಮೇಷ್ಟ್ರು ರೇಖಾಗಣಿತಕ್ಕೆ ಅಂತ ಹೋದ ವಾರ ಚಕ್ರ ಒಯ್ದವರು ಇನ್ನೂ ವಾಪಸ್ ಕೊಟ್ಟಿಲ್ಲ.