ರೇಸ್ ಇಳಿಯದ ಹಳೇ ಕಾರು: ಸ್ಕ್ರೂ ತಿರುವುವ ಮೊದಲು

ಹುಬ್ಬಳ್ಳಿಯ ಹೊಸೂರು ಸರ್ಕಲ್‌ನಲ್ಲಿ ಗಾಡಿ ನಿಂತಿದೆ. ಗೇರು ನ್ಯೂಟ್ರಲ್‌ನಲ್ಲಿದೆ, ಕಾಲು ಆಕ್ಸಿಲರೇಟರ್ ಮೇಲಿಲ್ಲ, ಆದರೂ ಎಂಜಿನ್ ಗುಂಯ್ಗುಡುತ್ತಲೇ ಇದೆ. ಹಳೇ ಮಾರುತಿ 800, ಓಮ್ನಿ, ಝೆನ್ ಇಟ್ಟುಕೊಂಡವರಿಗೆ ಇದು ಪರಿಚಯದ ರೋಗ. ‘ರೇಸ್ ಭಾಳ ಆಗೇತ್ರಿ’ ಎಂದು ಗ್ಯಾರೇಜಿಗೆ ಒಯ್ದರೆ ಬಹಳ ಕಡೆ ಮೊದಲು ಕೈಗೆ ಬರುವುದು ಸ್ಕ್ರೂಡ್ರೈವರ್. ನಿಂತ ಗಾಡಿಯ ಎಂಜಿನ್ ವೇಗ ಹೊಂದಿಸುವ ಐಡ್ಲಿಂಗ್ ಸ್ಕ್ರೂ ಎರಡು ಸುತ್ತು ಸಡಿಲ ಮಾಡಿದರೆ ಗಾಡಿ ಸುಮ್ಮನಾಗುತ್ತದೆ. ಮರುದಿನ ಬೆಳಿಗ್ಗೆ ಅದೇ ಗಾಡಿ ಸ್ಟಾರ್ಟ್ ಆದ ಕೂಡಲೇ ಬಂದ್ ಬೀಳುತ್ತದೆ.

ಸ್ಕ್ರೂ ತಾನಾಗಿ ತಿರುಗುವುದಿಲ್ಲ. ನಿನ್ನೆವರೆಗೆ ಸರಿಯಿದ್ದ ರೇಸ್ ಇವತ್ತು ಏರಿದ್ದರೆ, ಎಂಜಿನ್ನಿಗೆ ಎಲ್ಲಿಂದಲೋ ಬೇಡದ ಗಾಳಿ ಹೋಗುತ್ತಿದೆ ಎಂದೇ ಮೊದಲು ತಿಳಿಯಬೇಕು. ಆ ದಾರಿ ಹುಡುಕುವುದೇ ಕೆಲಸ.

ಮೊದಲು ಅಳತೆ. ನವನಗರದಿಂದ ಧಾರವಾಡದವರೆಗೆ ಒಮ್ಮೆ ಹೋಗಿಬಂದರೆ ಎಂಜಿನ್ ಪೂರ್ತಿ ಬಿಸಿಯಾಗಿರುತ್ತದೆ. ಎಸಿ, ಹೆಡ್‌ಲೈಟ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಬಯಲಲ್ಲಿ ನಿಲ್ಲಿಸಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಬೇಡ, ಹೊಗೆ ಜೀವ ತೆಗೆಯುತ್ತದೆ. ಹೆಗಲ ಮೇಲೆ ಟವೆಲ್ ಇದ್ದರೆ ತೆಗೆದಿಡಿ, ಬೆಲ್ಟಿಗೆ ಸಿಕ್ಕೀತು. ಮೀಟರಿನಲ್ಲಿ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) ಮುಳ್ಳು ಇಲ್ಲದ ಗಾಡಿಗೆ, ಸ್ಪಾರ್ಕ್ ಪ್ಲಗ್ ವೈರಿಗೆ ನಾಲ್ಕೈದು ಸುತ್ತು ಸುತ್ತುವ ಚಿಕ್ಕ ಟ್ಯಾಕೋಮೀಟರ್ ಸಾಕು. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಇರುವ ಎಂಜಿನ್ನಾದರೆ ಮೀಟರನ್ನು ಎರಡು ಸುತ್ತಿಗೆ ಒಂದು ಕಿಡಿ ಎಂದು ಹೊಂದಿಸಿ. ತಪ್ಪಿದರೆ ಅರ್ಧ ಅಥವಾ ದುಪ್ಪಟ್ಟು ತೋರಿಸುತ್ತದೆ. ಬಿಸಿ ಎಂಜಿನ್ 800ರಿಂದ 900ರ ಸುಮಾರಿಗೆ ನಿಂತರೆ ಸರಿ, 1100 ದಾಟಿದರೆ ದೋಷವಿದೆ. ತಣ್ಣಗಿರುವಾಗ 1300-1500 ಇದ್ದು ಮೆಲ್ಲಗೆ ಇಳಿಯುವುದು ರೋಗವಲ್ಲ. ಬಾನೆಟ್ ಕೆಳಗಿನ ಸ್ಟಿಕ್ಕರ್ ಅಥವಾ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ಒಮ್ಮೆ ರೇಸ್ ಕೊಟ್ಟು ಬಿಟ್ಟು ನೋಡಿ. ಮೇಲೆಯೇ ಸಿಕ್ಕಿಕೊಂಡು, ಪೆಡಲನ್ನು ಕಾಲ್ಬೆರಳಿನಿಂದ ಎತ್ತಿದರೆ ಇಳಿದರೆ ಅದು ಕೇಬಲ್ ಅಥವಾ ಸ್ಪ್ರಿಂಗ್ ಕಥೆ. ಮೊದಲು ಪೆಡಲ್ ಕೆಳಗಿನ ಮ್ಯಾಟ್ ಸರಿಸಿ. ಆಮೇಲೆ ಬಾನೆಟ್ ಎತ್ತಿ, ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲು) ಲಿವರ್ ತನ್ನ ಸ್ಟಾಪ್ ಸ್ಕ್ರೂಗೆ ಪೂರ್ತಿ ತಾಗುತ್ತದೆಯೇ ನೋಡಿ. ತಾಗದಿದ್ದರೆ ಯಾವುದೋ ಅದನ್ನು ಹಿಡಿದೆಳೆಯುತ್ತಿದೆ. ಬೆರಳಿನಿಂದ ಒತ್ತಿದರೆ ಕೇಬಲ್ 3-4 ಮಿಲಿಮೀಟರ್ ಬಾಗಬೇಕು. ಒಳಗಿನ ತಂತಿಯ ಎಳೆ ಬಿಚ್ಚಿಕೊಂಡಿದ್ದರೆ ಎಣ್ಣೆ ಹಾಕುತ್ತ ಕೂಡಬೇಡಿ, ಹೊಸದು ಹಾಕಿ. ಕೇಬಲ್ ಮತ್ತು ಲಿವರ್ ಕೂಡುವ ಲಿಂಕೇಜಿಗೆ ಗ್ರೀಸ್ ಬಳಿಯುವುದು ನಮ್ಮ ಕಡೆಯ ದೊಡ್ಡ ತಪ್ಪು: ಎರೆಮಣ್ಣಿನ ಧೂಳು ಅಂಟಿ ಅದು ಅರೆಯುವ ಪೇಸ್ಟ್ ಆಗುತ್ತದೆ. ತೆಳು ಎಣ್ಣೆಯ ಎರಡು ಹನಿ ಸಾಕು.

ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಗಾಡಿಯಲ್ಲಿ, ತಣ್ಣನೆ ಎಂಜಿನ್ನಿಗೆ ಗಾಳಿ ಕಡಿಮೆ ಮಾಡುವ ಚೋಕ್ ಕೂಡ ಇದೇ ಸಾಲಿನಲ್ಲಿ ಬರುತ್ತದೆ. ಡಿಸೆಂಬರ್-ಜನವರಿಯ ಧಾರವಾಡದ ಚಳಿಗೆ ಎಳೆದ ಚೋಕ್ ಡ್ಯಾಶ್‌ಬೋರ್ಡಿನಲ್ಲಿ ಒಳಗೆ ಹೋದಂತೆ ಕಂಡರೂ, ತುಕ್ಕು ಹಿಡಿದ ಕೇಬಲ್ ಆ ಕಡೆ ಪೂರ್ತಿ ಮರಳಿರುವುದಿಲ್ಲ. ಏರ್ ಕ್ಲೀನರ್ ತೆಗೆದು ಮೇಲಿನಿಂದ ನೋಡಿ; ಚೋಕ್ ಬಿಟ್ಟಾಗ ಅದರ ತಗಡು ನೆಟ್ಟಗೆ ನಿಂತಿರಬೇಕು. ಸ್ವಲ್ಪ ವಾಲಿದ್ದರೂ ಪಕ್ಕದ ಫಾಸ್ಟ್ ಐಡಲ್ ಕ್ಯಾಮ್ ಥ್ರಾಟಲ್ಲನ್ನು ತುಸು ತೆರೆದೇ ಇಟ್ಟಿರುತ್ತದೆ. ಎಸಿ ಇರುವ ಗಾಡಿಯಲ್ಲಿ, ಎಸಿ ಹಾಕಿದಾಗ ಥ್ರಾಟಲ್ ತಳ್ಳುವ ಚಿಕ್ಕ ವ್ಯಾಕ್ಯೂಮ್ ಡಬ್ಬಿ ಎಸಿ ಬಂದ್ ಆದ ಮೇಲೆ ಹಿಂದೆ ಸರಿಯುತ್ತದೆಯೇ ಎಂಬುದನ್ನೂ ನೋಡಿ.

ಇವೆಲ್ಲ ಸರಿಯಿದ್ದರೆ ಗಾಳಿ ಸೋರಿಕೆ ಹುಡುಕಬೇಕು. ತಾಳ್ಮೆ ಬೇಕಾದದ್ದು ಇಲ್ಲಿಯೇ. ಇಪ್ಪತ್ತು ಬೇಸಿಗೆ ಕಂಡ ರಬ್ಬರ್ ಪೈಪು ಹೊರಗೆ ಚೆನ್ನಾಗಿ ಕಂಡರೂ ತುದಿಯಲ್ಲಿ, ಕ್ಲಿಪ್ ಕೆಳಗೆ, ಸೀಳಿರುತ್ತದೆ. ಮೊಳದುದ್ದದ ಪೈಪಿನ ಒಂದು ತುದಿ ಕಿವಿಗೆ ಹಿಡಿದು ಇನ್ನೊಂದನ್ನು ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆ) ಸುತ್ತ ಆಡಿಸಿ. ಸೋರುವ ಜಾಗದಲ್ಲಿ ಸುಸ್ ಸದ್ದು ಸ್ಪಷ್ಟ ಕೇಳುತ್ತದೆ. ಬಳಿಕ ಒಂದೊಂದೇ ವ್ಯಾಕ್ಯೂಮ್ ಪೈಪನ್ನು ಬಟ್ಟೆ ಸುತ್ತಿದ ಪಕ್ಕಡದಿಂದ ಅದುಮಿ. ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರಿನ ಪೈಪ್ ಅದುಮಿದಾಗ ರೇಸ್ ದಢಕ್ಕನೆ ಇಳಿದರೆ ಬೂಸ್ಟರಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪರದೆ) ಹರಿದಿದೆ. ಸರಿ ಮಾಡುವವರೆಗೆ ಆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಎಂಜಿನ್ ಒಳಗಿನ ಹೊಗೆಯನ್ನು ಮತ್ತೆ ಎಳೆದುಕೊಳ್ಳುವ ಪಿಸಿವಿ ಪೈಪ್ ಅದುಮಿದಾಗ ಸ್ವಲ್ಪ ಇಳಿಯುವುದು ಸಹಜ, ಬಹಳ ಇಳಿದರೆ ವಾಲ್ವ್ ತೆರೆದೇ ಸಿಕ್ಕಿದೆ. ಅದನ್ನು ಬಿಚ್ಚಿ ಅಲುಗಿಸಿ, ಒಳಗೆ ಟಕಟಕ ಅನ್ನಬೇಕು.

ಗ್ಯಾಸ್ಕೆಟ್ ಪರೀಕ್ಷೆಗೆ ಪೆಟ್ರೋಲ್ ಚಿಮುಕಿಸುವವರಿದ್ದಾರೆ. ದಯವಿಟ್ಟು ಬೇಡ, ಬಿಸಿ ಎಗ್ಜಾಸ್ಟ್ ಪಕ್ಕದಲ್ಲೇ ಇರುತ್ತದೆ. ಗಿಡಕ್ಕೆ ಸಿಂಪಡಿಸುವ ಬಾಟಲಿಯಲ್ಲಿ ನೀರು ತುಂಬಿ, ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ತಪ್ಪಿಸಿ, ಮ್ಯಾನಿಫೋಲ್ಡ್ ಜೋಡಣೆ ಮತ್ತು ಕಾರ್ಬುರೇಟರ್ ಬುಡಕ್ಕೆ ಮಂಜಿನಂತೆ ಹೊಡೆಯಿರಿ. ನೀರು ಬಿರುಕನ್ನು ಕ್ಷಣ ಮುಚ್ಚಿದಾಗ ಎಂಜಿನ್ ಸದ್ದು ಬದಲಾಗುತ್ತದೆ. ಕಾರ್ಬುರೇಟರ್ ಕೆಳಗಿನ ಇನ್ಸುಲೇಟರ್ ದಿಮ್ಮಿ ಸೊಟ್ಟಗಾಗುವುದು ಹೆಚ್ಚಾಗಿ ನಟ್ಟುಗಳನ್ನು ಬಲವಾಗಿ ಬಿಗಿದಿದ್ದರಿಂದ; ಹಾಗಾಗಿದ್ದರೆ ಹೊಸ ಗ್ಯಾಸ್ಕೆಟ್ ಒಂದೇ ನಿಲ್ಲದು, ದಿಮ್ಮಿಯನ್ನೂ ಬದಲಿಸಬೇಕು. ಥ್ರಾಟಲ್ ಕಡ್ಡಿಯನ್ನು ಅಡ್ಡಡ್ಡ ಅಲುಗಿಸಿದಾಗ ರೇಸ್ ಏರಿಳಿದರೆ ಅದು ಕೂತಿರುವ ಬುಷ್ ಸವೆದಿದೆ. ಅಂಥ ಕಾರ್ಬುರೇಟರನ್ನು ಎಷ್ಟು ಟ್ಯೂನ್ ಮಾಡಿದರೂ ಪ್ರತಿ ಸಲ ಬೇರೆ ಕಡೆ ನಿಲ್ಲುತ್ತದೆ.

ಡಿಸ್ಟ್ರಿಬ್ಯೂಟರ್ ಬಿಚ್ಚಿ ಹಾಕಿದ ನಂತರ ರೇಸ್ ಏರಿದ್ದರೆ ಗಾಳಿ ಹುಡುಕುವ ಮುನ್ನ ಕಿಡಿ ಬೀಳುವ ಸಮಯ ತೋರಿಸುವ ಟೈಮಿಂಗ್ ಲೈಟ್ ಹಿಡಿಯಿರಿ. ಅಡ್ವಾನ್ಸ್ ಹೆಚ್ಚಾದರೂ, ಅಂದರೆ ಕಿಡಿ ಬೇಗ ಬಿದ್ದರೂ, ಐಡ್ಲಿಂಗ್ ಏರುತ್ತದೆ.

ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಯಲ್ಲಿ ಲೆಕ್ಕ ಬೇರೆ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಎಂಜಿನ್ನಿಗೆ ಕಳ್ಳಗಾಳಿ ಹೊಕ್ಕರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸೇರಿಸುತ್ತದೆ. ಹಾಗಾಗಿ ಎಂಜಿನ್ ನಡುಗದೆ, ನುಣ್ಣಗೆ, ಆದರೆ ಜೋರಾಗಿ ಓಡುತ್ತದೆ. ಗಾಡಿ ನಿಂತಾಗ ಎಂಜಿನ್ನಿಗೆ ಬೇಕಾದ ಗಾಳಿ ಬಿಡುವ ಐಡಲ್ ಏರ್ ವಾಲ್ವಿಗೆ ಹೋಗುವ ಪೈಪ್ ಅದುಮಿ. ರೇಸ್ ತಟ್ಟನೆ ಬಿದ್ದರೆ ಗಾಳಿ ಅದರೊಳಗಿಂದಲೇ ಬರುತ್ತಿದೆ. ಆದರೆ ವಾಲ್ವ್ ಸಿಕ್ಕಿದೆಯೋ, ಇಸಿಯು ಬೇಕೆಂದೇ ತೆರೆದಿದೆಯೋ? ಇದನ್ನು ತಿಳಿಯದೆ ವಾಲ್ವ್ ಬದಲಿಸಿ ದುಡ್ಡು ಕಳೆದುಕೊಳ್ಳುವವರು ಬಹಳ.

ಇಸಿಯು ಹಾಗೆ ಮಾಡುವುದು ಎಂಜಿನ್ ಇನ್ನೂ ತಣ್ಣಗಿದೆ ಎಂದು ನಂಬಿದಾಗ. ಹೀಟ್ ಆಗುತ್ತದೆಂದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ಕಿತ್ತೆಸೆಯುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಪೈಪ್ ಮುಟ್ಟಿ ನೋಡಿ: ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಸರಿ, ಮೊದಲಿನಿಂದಲೇ ಮೆಲ್ಲಗೆ ಬಿಸಿಯಾಗುತ್ತ ಹೋದರೆ ಅದು ಇಲ್ಲ, ಇಲ್ಲವೇ ತೆರೆದೇ ಸಿಕ್ಕಿದೆ. ಕೂಲಂಟ್ ಕಡಿಮೆಯಾಗಿ ಸೆನ್ಸರ್ ಸುತ್ತ ಗಾಳಿ ನಿಂತರೂ ಇದೇ ಗತಿ. ಕೂಲಂಟ್ ಸೆನ್ಸರನ್ನು ಮಲ್ಟಿಮೀಟರಿನಿಂದ ಅಳೆಯಿರಿ: ಮಾರುತಿ ಗಾಡಿಗಳಲ್ಲಿ 20 ಡಿಗ್ರಿಗೆ ಸುಮಾರು 2.5 ಕಿಲೋ ಓಮ್, 80 ಡಿಗ್ರಿಗೆ ಸುಮಾರು 300 ಓಮ್ ಬರಬೇಕು. ಬಿಸಿಯಲ್ಲೂ ಸಾವಿರದ ಮೇಲೆ ತೋರಿಸಿದರೆ ಸೆನ್ಸರ್ ಬದಲಿಸಿ.

ಥ್ರಾಟಲ್ ಬಾಡಿಯ ಮಸಿ ಒರೆಸಲು ಕ್ಲೀನರ್ ಮತ್ತು ಮೆತ್ತನೆ ಬಟ್ಟೆ ಸಾಕು, ಉಸುಕಿನ ಕಾಗದ ಬೇಡ. ಸ್ವಚ್ಛ ಮಾಡಿದ ಮೇಲೆ ಸ್ವಲ್ಪ ಹೊತ್ತು ರೇಸ್ ಹೆಚ್ಚಿದ್ದರೆ ಗಾಬರಿಯಾಗಬೇಡಿ. ಮಸಿಗೆ ಹೊಂದಿಕೊಂಡಿದ್ದ ಇಸಿಯು ಮತ್ತೆ ಕಲಿಯಬೇಕಾಗಬಹುದು. ಎಂಪಿಎಫ್‌ಐ ಥ್ರಾಟಲ್ಲಿನ ಸ್ಟಾಪ್ ಸ್ಕ್ರೂ ಕಾರ್ಖಾನೆಯಲ್ಲಿ ಹೊಂದಿಸಿದ್ದು, ಅದನ್ನು ಮುಟ್ಟಲೇಬೇಡಿ.

ಕಾರ್ಬುರೇಟರ್ ಗಾಡಿಗೆ ಸ್ಕ್ರೂಡ್ರೈವರ್ ಈಗ ತನ್ನಿ. ಗಾಳಿ-ಪೆಟ್ರೋಲ್ ಬೆರಕೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಎಷ್ಟು ಸುತ್ತು ಎಂದು ಎಣಿಸುತ್ತ ಒಳಗೆ ತಿರುವಿ ಬರೆದಿಡಿ. ತಾಗಿದ ಕೂಡಲೇ ನಿಲ್ಲಿಸಿ, ಬಿಗಿದರೆ ಸೂಜಿತುದಿಗೆ ಗೆರೆ ಬೀಳುತ್ತದೆ. ಒಂದೂವರೆಯಿಂದ ಎರಡು ಸುತ್ತು ಹೊರಗೆ ತಂದು ಎಂಜಿನ್ ಶುರು ಮಾಡಿ. ರೇಸ್ ಅತಿ ಹೆಚ್ಚು ಏರುವ ಜಾಗದಲ್ಲಿ ಮಿಕ್ಸ್ಚರ್ ಬಿಟ್ಟು, ಐಡ್ಲಿಂಗ್ ಸ್ಕ್ರೂನಿಂದ 850ಕ್ಕೆ ಇಳಿಸಿ. ಎರಡನ್ನೂ ಇನ್ನೊಮ್ಮೆ ಮಾಡಿ, ಏಕೆಂದರೆ ಒಂದು ಬದಲಾದರೆ ಇನ್ನೊಂದೂ ಸರಿಯುತ್ತದೆ. ಅಂದೇ ಪಿಯುಸಿ ಕೇಂದ್ರಕ್ಕೆ ಹೋಗಿ ಕಾರ್ಬನ್ ಮೊನಾಕ್ಸೈಡ್ ಅಂಕಿ ನೋಡಿ. ಬಿಎಸ್-2 ಮಾಲಿನ್ಯ ನಿಯಮಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಮಿತಿ ಶೇ. 3, ಅದರ ಹತ್ತಿರ ಬಂದಿದ್ದರೆ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ ತಂದು ಮತ್ತೆ ಅಳೆಸಿ.