ಉಸಿರಾಟ ವೈಫಲ್ಯಕ್ಕೆ ಸರಿಯಾದ ಕೋಡ್ ಹಾಕುವುದು ಹೇಗೆ?

ಬೆಂಗಳೂರು, ಮೈಸೂರಿನಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಚಾರ್ಟ್ (ರೋಗಿಯ ದಾಖಲೆ) ಓದಿ ಕಾಯಿಲೆಗಳಿಗೆ ಕೋಡ್ ಹಾಕುವ ಮೆಡಿಕಲ್ ಕೋಡರ್‌ಗಳಲ್ಲಿ ಬಿ.ಎಸ್‌ಸಿ., ಬಿ.ಫಾರ್ಮಾ, ನರ್ಸಿಂಗ್ ಓದಿದವರು ಅನೇಕರು. ಅವರ ಮೇಜಿಗೆ ಮತ್ತೆ ಮತ್ತೆ ಬರುವ, ವಿಮಾ ಕಂಪನಿಗಳು ಮತ್ತೆ ಮತ್ತೆ ತಕರಾರು ತೆಗೆಯುವ ರೋಗನಿರ್ಣಯವೊಂದಿದೆ: ರಕ್ತದಲ್ಲಿ ಆಮ್ಲಜನಕ ಕುಸಿದು ಆಗುವ ಉಸಿರಾಟ ವೈಫಲ್ಯ. ತೀವ್ರ ವೈಫಲ್ಯದ ಕೋಡ್ ಸೇರಿದರೆ ಆಸ್ಪತ್ರೆಗೆ ಸಿಗುವ ಹಣ ಗಣನೀಯವಾಗಿ ಹೆಚ್ಚಬಹುದು. ತಪ್ಪಾಗಿ ಸೇರಿದರೆ ರೋಗಿಯ ಕಡತದಲ್ಲಿ ಇಲ್ಲದ ಕಾಯಿಲೆ ಶಾಶ್ವತವಾಗಿ ಉಳಿಯುತ್ತದೆ. ಎರಡನೆಯದು ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ.

ಅಂಕೆಗಳ ಅರ್ಥ

ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಐಸಿಡಿ-10-ಸಿಎಂ ಎಂಬ ಕಾಯಿಲೆಗಳ ಕೋಡ್ ಪಟ್ಟಿಯಲ್ಲಿ ಉಸಿರಾಟ ವೈಫಲ್ಯದ ವರ್ಗ ಜೆ96. ಚುಕ್ಕೆಯ ನಂತರದ ಮೊದಲ ಅಂಕೆ ಕಾಯಿಲೆಯ ಸ್ವರೂಪ ಹೇಳುತ್ತದೆ: 0 ತೀವ್ರ, 1 ದೀರ್ಘಕಾಲೀನ, 2 ದೀರ್ಘಕಾಲೀನದ ಮೇಲೆ ತೀವ್ರ, 9 ಸ್ಪಷ್ಟವಿಲ್ಲ. ಎರಡನೆಯ ಅಂಕೆ 1 ಆದರೆ ಆಮ್ಲಜನಕದ ಕೊರತೆ, 2 ಆದರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಳ, 0 ಆದರೆ ಎರಡರಲ್ಲಿ ಯಾವುದೆಂದು ಬರೆದಿಲ್ಲ. ಹೀಗೆ, ಆಮ್ಲಜನಕ ಕುಸಿದ ತೀವ್ರ ವೈಫಲ್ಯ ಜೆ96.01. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10ರಲ್ಲಿ ಈ ಕೊನೆಯ ಅಂಕೆಯ ಲೆಕ್ಕ ಬೇರೆ. ಅಲ್ಲಿ ಆಮ್ಲಜನಕದ ಕೊರತೆಗೆ 0, ಕಾರ್ಬನ್ ಡೈಆಕ್ಸೈಡ್ ಹೆಚ್ಚಳಕ್ಕೆ 1. ಎರಡೂ ಪಟ್ಟಿಗಳನ್ನು ಬಳಸುವವರು ಇಲ್ಲಿ ಎಚ್ಚರ ತಪ್ಪಬಾರದು.

ಮೊದಲು ವೈದ್ಯರ ಬರಹ, ಆಮೇಲೆ ಸಂಖ್ಯೆ

ಚಾರ್ಟ್ ತೆರೆದ ಕೂಡಲೇ ಕಣ್ಣು ಹೋಗುವುದು ಆಕ್ಸಿಮೀಟರ್ ರೀಡಿಂಗ್‌ಗೆ. ಶೇ 84 ಕಂಡಿತೆಂದು ಕೋಡ್ ಹಾಕುವಂತಿಲ್ಲ. ಚಿಕಿತ್ಸೆ ನೀಡಿದ ವೈದ್ಯರು ‘ತೀವ್ರ ಉಸಿರಾಟ ವೈಫಲ್ಯ’ ಎಂದು ಬರೆದಿರಬೇಕು. ನರ್ಸ್ ಟಿಪ್ಪಣಿ, ಲ್ಯಾಬ್ ವರದಿ, ಕೊಟ್ಟ ಆಮ್ಲಜನಕದ ಪ್ರಮಾಣ ಎಲ್ಲವೂ ಪುರಾವೆಗಳು, ರೋಗನಿರ್ಣಯ ವೈದ್ಯರದೇ. ವೈದ್ಯರು ‘ಹೈಪಾಕ್ಸೀಮಿಯಾ’ (ರಕ್ತದಲ್ಲಿ ಆಮ್ಲಜನಕ ಕಡಿಮೆ) ಎಂದಷ್ಟೇ ಬರೆದಿದ್ದರೆ ಕೋಡ್ ಆರ್09.02. ಅದನ್ನು ಜೆ96ರ ಜೊತೆ ಸೇರಿಸಬಾರದು, ಪಟ್ಟಿಯೇ ಅದನ್ನು ನಿಷೇಧಿಸುತ್ತದೆ.

ಆಸ್ಪತ್ರೆಯಲ್ಲಿ ದಾಖಲಾದ ರೋಗಿಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಇರಬಹುದು’, ‘ಬಹುಶಃ’ ಎಂಬ ಮಾತಿದ್ದರೂ ಕಾಯಿಲೆ ಇದೆಯೆಂದೇ ಕೋಡ್ ಹಾಕಲು ನಿಯಮ ಒಪ್ಪುತ್ತದೆ. ಹೊರರೋಗಿ ವಿಭಾಗಕ್ಕೆ ಈ ಅವಕಾಶವಿಲ್ಲ.

ಪುರಾವೆ ತಾಳೆ ನೋಡುವುದು

ಹೆಚ್ಚಿನ ತಕರಾರುಗಳು ಹುಟ್ಟುವುದು ಈ ಹಂತದಲ್ಲಿ. ಕೃತಕ ಆಮ್ಲಜನಕವಿಲ್ಲದೆ, ಅಪಧಮನಿ ರಕ್ತದ ಆಮ್ಲಜನಕದ ಒತ್ತಡ 60 ಮಿ.ಮೀ. ಪಾದರಸಕ್ಕಿಂತ ಕೆಳಗಿದ್ದರೆ ಅಥವಾ ಆಕ್ಸಿಮೀಟರ್ ಸುಮಾರು ಶೇ 90ಕ್ಕಿಂತ ಕಡಿಮೆ ತೋರಿಸಿದರೆ ಅದು ಆಮ್ಲಜನಕ ಕುಸಿತದ ಸಾಮಾನ್ಯ ಗುರುತು. ರೋಗಿಗೆ ಆಗಲೇ ಆಮ್ಲಜನಕ ಕೊಡುತ್ತಿದ್ದರೆ ಈ ಸಂಖ್ಯೆಗಳು ದಾರಿ ತಪ್ಪಿಸುತ್ತವೆ. ಆಗ ರಕ್ತದ ಆಮ್ಲಜನಕದ ಒತ್ತಡವನ್ನು, ಸೇದುವ ಗಾಳಿಯಲ್ಲಿರುವ ಆಮ್ಲಜನಕದ ಭಾಗದಿಂದ ಭಾಗಿಸಿ ನೋಡುತ್ತಾರೆ. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 2 ಲೀಟರ್ ಎಂದರೆ ಸುಮಾರು ಶೇ 28, ಅಂದರೆ 0.28. ಎಬಿಜಿಯಲ್ಲಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಆಮ್ಲಜನಕದ ಒತ್ತಡ 70 ಬಂದಿದೆ ಎನ್ನಿ. 70 ಭಾಗಿಸು 0.28 ಎಂದರೆ 250. ಇದು ವೈಫಲ್ಯದ ಗಡಿಯೆಂದು ನೋಡುವ 300ಕ್ಕಿಂತ ಕಡಿಮೆ. ಮೇಲ್ನೋಟಕ್ಕೆ ಪರವಾಗಿಲ್ಲ ಎನಿಸಿದ 70ರ ಹಿಂದೆ ಸೋಲುತ್ತಿರುವ ಶ್ವಾಸಕೋಶ ಇರಬಹುದು.

ಮನೆಯಲ್ಲೇ ಆಮ್ಲಜನಕ ಬಳಸುವ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲೀನ ಶ್ವಾಸಕೋಶದ ಕಾಯಿಲೆ) ರೋಗಿಗೆ ಈ ಭಾಗಾಕಾರ ಹೊಂದುವುದಿಲ್ಲ. ಅವರ ಎಂದಿನ ಮಟ್ಟ ಎಷ್ಟು, ಈಗ ಎಷ್ಟು ಇಳಿದಿದೆ ಎಂಬುದೇ ಮುಖ್ಯ. ಜೊತೆಗೆ ಶ್ರಮದ ಕುರುಹುಗಳನ್ನೂ ಹುಡುಕಬೇಕು: ಉಸಿರಿನ ವೇಗ, ಕುತ್ತಿಗೆಯ ಸ್ನಾಯುಗಳ ಎಳೆತ, ಒಂದು ವಾಕ್ಯ ಮುಗಿಸಲಾರದ ಸ್ಥಿತಿ. ‘ಆರಾಮವಾಗಿದ್ದಾರೆ, ತೊಂದರೆಯಿಲ್ಲ’ ಎಂಬ ಟಿಪ್ಪಣಿಯ ಪಕ್ಕದಲ್ಲಿ ‘ತೀವ್ರ ವೈಫಲ್ಯ’ ಇದ್ದರೆ ಆಡಿಟರ್ ಮೊದಲು ಹಿಡಿಯುವುದು ಅದನ್ನೇ.

ವೈದ್ಯರು ಬರೆದಿದ್ದಾರೆ, ಪುರಾವೆ ಮಾತ್ರ ತೆಳುವಾಗಿದೆ ಎನ್ನಿ. ನೀವಾಗಿಯೇ ಕೋಡ್ ಅಳಿಸಬೇಡಿ; ಕೋಡ್ ವೈದ್ಯರ ಹೇಳಿಕೆಯನ್ನು ಅನುಸರಿಸುತ್ತದೆ. ಪರಿಶೀಲನೆಗೆ ಕಳುಹಿಸಿ.

ಕ್ವೆರಿ ಬರೆಯುವ ಬಗೆ

ಪುರಾವೆ ಗಟ್ಟಿಯಾಗಿದ್ದು ವೈದ್ಯರ ಮಾತು ಇಲ್ಲದಿದ್ದರೆ ಅವರಿಗೆ ಕ್ವೆರಿ, ಅಂದರೆ ಲಿಖಿತ ಪ್ರಶ್ನೆ, ಕಳುಹಿಸಬೇಕು. ‘ಇದು ಉಸಿರಾಟ ವೈಫಲ್ಯವಲ್ಲವೇ?’ ಎಂದು ಕೇಳಿದರೆ ಉತ್ತರವನ್ನು ನೀವೇ ಬಾಯಿಗೆ ಇಟ್ಟಂತೆ. ಹೀಗೆ ಕೇಳಿ: ‘ರೋಗಿ ಬಂದಾಗ ಆಮ್ಲಜನಕ ಶೇ 84, ಉಸಿರು ನಿಮಿಷಕ್ಕೆ 32, ಬೈಪ್ಯಾಪ್ (ಮುಖವಾಡದ ಮೂಲಕ ಉಸಿರಾಟಕ್ಕೆ ನೆರವಾಗುವ ಯಂತ್ರ) ಹಾಕಲಾಗಿದೆ. ಈ ಸ್ಥಿತಿಗೆ ನಿಮ್ಮ ರೋಗನಿರ್ಣಯವೇನು?’ ಆಯ್ಕೆಗಳನ್ನು ಕೊಡುವುದಾದರೆ ಪುರಾವೆಗೆ ಹೊಂದುವವನ್ನೇ ಕೊಡಿ. ‘ಬೇರೆ’, ‘ನಿರ್ಧರಿಸಲಾಗದು’ ಎಂಬ ಎರಡೂ ಅದರಲ್ಲಿರಲಿ. ಹಣದ ಪ್ರಸ್ತಾಪ ಬೇಡವೇ ಬೇಡ.

ಯಾವುದು ಮೊದಲು?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮನೆಯಲ್ಲಿ 2 ಲೀಟರ್ ಆಮ್ಲಜನಕದಲ್ಲಿರುವ 68ರ ಮಹಿಳೆ. ಸಿಒಪಿಡಿ ಉಲ್ಬಣಿಸಿ, ಒಂದೊಂದೇ ಪದ ಆಡುತ್ತಾ ಬಂದಿದ್ದಾರೆ. ಎಬಿಜಿಯಲ್ಲಿ ಪಿಎಚ್ 7.31, ಕಾರ್ಬನ್ ಡೈಆಕ್ಸೈಡ್ 62, ಆಮ್ಲಜನಕ 52. ದೀರ್ಘಕಾಲೀನದ ಮೇಲೆ ತೀವ್ರ ವೈಫಲ್ಯ, ಎರಡೂ ಬಗೆಯದು ಎಂದು ವೈದ್ಯರು ಬರೆದಿದ್ದಾರೆ. ಕೋಡ್‌ಗಳು ಜೆ96.21, ಜೆ96.22, ಸಿಒಪಿಡಿ ಉಲ್ಬಣಕ್ಕೆ ಜೆ44.1, ಮನೆಯ ಆಮ್ಲಜನಕಕ್ಕೆ ಜೆಡ್99.81. ದಾಖಲಾಗಲು ಮುಖ್ಯ ಕಾರಣವಾದದ್ದು ಮೊದಲು ನಿಲ್ಲುತ್ತದೆ. ವೈಫಲ್ಯ, ಸಿಒಪಿಡಿ ಎರಡೂ ಸಮಸಮವಾಗಿ ಕಾರಣವಾಗಿದ್ದರೆ ಯಾವುದನ್ನಾದರೂ ಮೊದಲಿಡಬಹುದು. ಮಾತ್ರೆ ಅತಿಯಾಗಿ ನುಂಗಿ ಉಸಿರು ಸೋತಿದ್ದರೆ ವಿಷಪ್ರಾಶನದ ಕೋಡ್‌ಗೆ ಅಗ್ರಸ್ಥಾನ. ದಾಖಲಾಗುವಾಗಲೇ ಸೆಪ್ಸಿಸ್ (ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಅಂಗಗಳು ಹಾಳಾಗುವ ಸ್ಥಿತಿ) ಇದ್ದು, ಅದರಿಂದ ಉಸಿರು ಸೋತಿದ್ದರೆ ಸೆಪ್ಸಿಸ್ ಕೋಡ್ ಮೊದಲು, ನಂತರ ತೀವ್ರ ಸೆಪ್ಸಿಸ್ ಸೂಚಿಸುವ ಆರ್65.20, ಆಮೇಲೆ ಜೆ96.01. ವೈಫಲ್ಯ ದಾಖಲಾದ ನಂತರ ಶುರುವಾಗಿದ್ದರೆ ಅದು ಎರಡನೆಯ ಸಾಲಿನ ಕೋಡ್. ದಾಖಲಾಗುವಾಗ ಇತ್ತೇ ಎಂಬ ಸೂಚಕವನ್ನು ಆಗ ‘ಇಲ್ಲ’ ಎಂದು ಗುರುತಿಸಬೇಕು.

ಜೆ96ಕ್ಕೆ ಸೇರದವು

ಎಆರ್‌ಡಿಎಸ್‌ಗೆ (ಶ್ವಾಸಕೋಶದಲ್ಲಿ ಉರಿಯೂತವಾಗಿ ನೀರು ತುಂಬುವ ತೀವ್ರ ಸ್ಥಿತಿ) ಜೆ80, ನವಜಾತ ಶಿಶುವಿನ ವೈಫಲ್ಯಕ್ಕೆ ಪಿ28.5. ಶಸ್ತ್ರಚಿಕಿತ್ಸೆಯ ನಂತರದ ತೀವ್ರ ವೈಫಲ್ಯಕ್ಕೆ ಜೆ95.821, ಇದನ್ನು ಹಾಕುವ ಮುನ್ನ ಎರಡು ಸಲ ಓದಿ. ದೊಡ್ಡ ಶಸ್ತ್ರಚಿಕಿತ್ಸೆಯ ಬಳಿಕ ಯೋಜನೆಯಂತೆ ಕೆಲ ಗಂಟೆ ವೆಂಟಿಲೇಟರ್‌ನಲ್ಲಿ ಇಟ್ಟಿದ್ದರೆ ಅದು ವೈಫಲ್ಯವಲ್ಲ. ಯೋಜಿತ ಶಸ್ತ್ರಚಿಕಿತ್ಸೆಯ ನಂತರದ ಉಸಿರಾಟ ವೈಫಲ್ಯ ಅಮೆರಿಕದಲ್ಲಿ ರೋಗಿ ಸುರಕ್ಷತೆಯ ಅಳತೆಗೋಲುಗಳಲ್ಲಿ ಒಂದು. ತಪ್ಪು ಕೋಡ್ ಆಸ್ಪತ್ರೆಯ ದಾಖಲೆಗೆ ಮಸಿ ಬಳಿಯುತ್ತದೆ. ಅಂಥ ಚಾರ್ಟ್‌ನಲ್ಲಿ ಅರಿವಳಿಕೆ ತಜ್ಞರ ಟಿಪ್ಪಣಿಯನ್ನೂ, ವೆಂಟಿಲೇಟರ್ ತೆಗೆದ ಸಮಯವನ್ನೂ ನೋಡದೆ ಮುಂದೆ ಹೋಗಬೇಡಿ.