ಪ್ಲೇಟಿಂಗ್ ಶಾಪಿನ ನೀರು ಟೆಸ್ಟ್ ಮಾಡಿಸೋಕಿಂತ ಮೊದ್ಲು ಪ್ಲಾನ್ ಹಾಕ್ರಿ

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆ ಪ್ಲೇಟಿಂಗ್ (ಲೋಹದ ಸಾಮಾನಿಗೆ ಕ್ರೋಮ್, ನಿಕಲ್, ಜಿಂಕ್ ಲೇಪಾ ಹಚ್ಚೋ ಕೆಲಸಾ) ನಡಸೋರಿಗೆ ಹೇಳಾಕತ್ತೀನಿ. ಲ್ಯಾಬ್ ಹುಡುಗ ಬಂದಾಗ ಔಟ್‌ಲೆಟ್‌ನ್ಯಾಗ ಒಂದ್ ಬಾಟ್ಲಿ ತುಂಬಿ ಕಳಸಿ, ರಿಪೋರ್ಟ್ ಫೈಲಿಗೆ ಹಾಕಿದ್ರ ಏನೂ ಗೊತ್ತಾಗಂಗಿಲ್ರಿ, ಯಾವ ನೀರು, ಯಾವ ಹೊತ್ತಿನ್ಯಾಗ, ಎಂಥಾ ಬಾಟ್ಲಿಯೊಳಗ ತಗದ್ರಿ ಅನ್ನೋದ್ರ ಮ್ಯಾಲ ಎಲ್ಲಾ ನಿಂತೈತಿ.

ಮೊದ್ಲು ಒಂದ್ ಹಾಳಿ ಮ್ಯಾಲ ನೀರಿನ ದಾರಿ ಬರೀರಿ. ಬೋರ್ ನೀರು ಎಲ್ಲಿಂದ ಬರತೈತಿ, ಸಾಮಾನು ತೊಳೆಯೋ ಯಾವ ರಿನ್ಸ್ ಟ್ಯಾಂಕಿನ ನೀರು ಯಾವ ಪೈಪಿಗೆ ಹೋಗತೈತಿ, ನೆಲಾ ತೊಳದಿದ್ದು ಎಲ್ಲಿ ಸೇರತೈತಿ, ಮಳಿ ನೀರು ಯಾವ ಕಡೆ. ಸೈನೈಡ್ ಲೈನ್ ಇದ್ರ ಅದು ಆಸಿಡ್ ನೀರಿಗೆ ಎಲ್ಲೂ ಕೂಡಬಾರ್ದು, ಕೂಡಿದ್ರ ಜೀವ ತಗಿಯೋ ಗ್ಯಾಸ್ ಏಳತೈತಿ, ಇದನ್ನ ಅವತ್ತ ಚೆಕ್ ಮಾಡ್ರಿ.

ಸ್ಯಾಂಪಲ್ ಮೂರು ಕಡೆ ಬೇಕು. ಇಟಿಪಿಗೆ (ಹೊಲಸು ನೀರು ಶುದ್ಧ ಮಾಡೋ ಘಟಕಕ್ಕ) ಬರೋ ನೀರು, ಕ್ರೋಮ್ ರಿಡಕ್ಷನ್ (ವಿಷದ ಹೆಕ್ಸಾವೇಲೆಂಟ್ ಕ್ರೋಮನ್ನ ಕಮ್ಮಿ ವಿಷದ ಟ್ರೈವೇಲೆಂಟ್ ಕ್ರೋಮ್ ಮಾಡೋದು) ಆದ ಮ್ಯಾಲಿಂದು, ಕಡೀಗೆ ಹೊರಗ ಹೋಗೋದು. ನಡುವಿಂದು ಬಿಡಬ್ಯಾಡ್ರಿ, ರಿಡಕ್ಷನ್ ಟ್ಯಾಂಕಿನ ಪಿಎಚ್ 2ರಿಂದ 3ರೊಳಗ ಇರದಿದ್ರ ಅದಕ್ಕ ಹಾಕೋ ಮೆಟಾಬೈಸಲ್ಫೈಟ್ ಕೆಮಿಕಲ್ ಸರಿಯಾಗಿ ಕೆಲಸಾ ಮಾಡಂಗಿಲ್ಲ, ಅದು ಗೊತ್ತಾಗೋದು ಇಲ್ಲೇ. ಶಿಫ್ಟ್ ಪೂರ್ತಿ ಸ್ವಲ್ಪ ಸ್ವಲ್ಪ ತಗದು ಕೂಡಿಸಿದ್ರ ಸರಾಸರಿ ಸಿಗತೈತಿ, ಆದ್ರ ಪಿಎಚ್ ಜಾಗಾದಾಗ ನೋಡ್ಬೇಕು, ಆಯಿಲ್-ಗ್ರೀಸ್ ಒಮ್ಮೆಲೆ ಗಾಜಿನ ಬಾಟ್ಲಿಗೆ ತುಂಬ್ಬೇಕು. ಬಾತ್ (ಲೇಪಾ ಹಚ್ಚೋ ದ್ರಾವಣದ ತೊಟ್ಟಿ) ಖಾಲಿ ಮಾಡೋ ದಿನ ಬ್ಯಾರೆ ಸ್ಯಾಂಪಲ್ ತಗೀರಿ, ಹೆಚ್ಚಿಗಿ ಕೆಡೋದು ಆ ದಿನಾನ.

ಇನ್ನ ಬಾಟ್ಲಿ. ನಿಕಲ್, ಜಿಂಕ್ ಟೆಸ್ಟಿಗೆ ಪ್ಲಾಸ್ಟಿಕ್ ಬಾಟ್ಲಿಗೆ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗ ಇಳಸ್ತಾರ. ಹೆಕ್ಸಾವೇಲೆಂಟ್ ಕ್ರೋಮಿಗೆ ಮಾತ್ರ ಆ ಬಾಟ್ಲಿ ಕೊಡಬ್ಯಾಡ್ರಿ, ಆಸಿಡ್ ಬಿದ್ರ ಅದು ಟ್ರೈವೇಲೆಂಟ್ ಆಗಿ ರಿಪೋರ್ಟಿನ್ಯಾಗ ಕಮ್ಮಿ ತೋರಸ್ತೈತಿ, ನೀವು ಆರಾಮ ಕೂಡ್ತೀರಿ, ವಿಷಾ ಹೊರಗ ಹೋಗತಿರ್ತೈತಿ. ಬ್ಯಾರೆ ಬಾಟ್ಲಿ, ಐಸ್ ಬಾಕ್ಸ್, 24 ತಾಸಿನ್ಯಾಗ ಲ್ಯಾಬಿಗೆ. ಪ್ಲೇಟಿಂಗಿಗೆ ಲಿಮಿಟ್ ಲೀಟರಿಗೆ ಹೆಕ್ಸಾವೇಲೆಂಟ್ 0.1 ಮಿಲಿಗ್ರಾಂ, ನಿಕಲ್ 3, ಜಿಂಕ್ 5, ಆದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ನಿಮ್ಮ ಕನ್ಸೆಂಟ್ ಪತ್ರದಾಗ ಏನೈತಿ ಅದ ನಿಮಗ ಕಾಯ್ದೆ.

ದಿನಾ ಮುಂಜಾನೆ ಪಿಎಚ್ ಮೀಟರ್ 4 ಮತ್ತ 7 ಬಫರಿಗೆ (ಪಿಎಚ್ ಮೊದ್ಲ ಗೊತ್ತಿರೋ ದ್ರಾವಣಕ್ಕ) ಹಚ್ಚಿ ನೋಡ್ರಿ. ಔಟ್‌ಲೆಟ್ ನೀರಿಗೆ ಕ್ರೋಮ್ ಕಿಟ್ ಹಾಕಿ, ನೇರಳೆ ಬಣ್ಣ ಬಂದ್ರ ಹೆಕ್ಸಾವೇಲೆಂಟ್ ಕ್ರೋಮ್ ಐತಿ ಅಂತ ತಿಳದು ವಾಲ್ವ್ ಬಂದ್ ಮಾಡ್ರಿ, ಲ್ಯಾಬ್ ರಿಪೋರ್ಟ್ ಬರೂಮಟ ಕಾಯಬ್ಯಾಡ್ರಿ. ಜೂನಿನ ಮೊದಲನೇ ದೊಡ್ಡ ಮಳಿಗೆ ಮಳಿನೀರಿನ ಗಟಾರದ್ದೂ ಒಂದ್ ಬಾಟ್ಲಿ ತುಂಬ್ರಿ, ಅಂಗಳದಾಗ ಚೆಲ್ಲಿದ್ದೆಲ್ಲಾ ಅವತ್ತ ಹೊರಗ ಹೋಗತೈತಿ.